ಚೂರಿ ಅಂಗಡಿಯ ಬೋರ್ಡು

ತಪ್ಪು ಅಕ್ಷರ ಕಂಡರೆ ನನಗೆ ಅನ್ನ ಸೇರುವುದಿಲ್ಲ. ಇದು ಸುಮ್ಮನೆ ಮಾತಿಗೆ ಹೇಳುವುದಲ್ಲ. ಒಮ್ಮೆ ಕುಮಟೆಯಿಂದ ಬರುವಾಗ ಹೆದ್ದಾರಿ ಬದಿಯ ಹೋಟೆಲಿನ ಮೇಲೆ ‘ಶುದ್ಧ ಶಾಖಾಹಾರಿ’ ಎಂದು ಬರೆದದ್ದು ಕಂಡು, ಹೊಟ್ಟೆ ಹಸಿದಿದ್ದರೂ ಊಟಕ್ಕೆ ಕೂರದೆ ಗಲ್ಲೆಯಲ್ಲಿದ್ದವರ ಹತ್ತಿರ ಹೋಗಿ ನಿಂತೆ. ಶಾಕ ಎಂದರೆ ತರಕಾರಿ, ಶಾಖ ಎಂದರೆ ಬಿಸಿ, ನೀವು ಇಲ್ಲಿ ಬಡಿಸುವುದು ಯಾವುದನ್ನು ಎಂದು ಕೇಳಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, “ಇಡ್ಲಿ ಬಿಸಿನೇ ಇತ್ತು, ಕೂತ್ಕಳಿ” ಅಂದರು. ನಾನು ಕೂರಲಿಲ್ಲ. ಹೊನ್ನಾವರದ ಮನೆ ತಲುಪುವವರೆಗೂ ಗೊಣಗುತ್ತಲೇ ಇದ್ದೆ.

ನಾನು ಬೋರ್ಡು ಬರೆಯುವವನು. ಈಗ ಬರೆಯುತ್ತಿದ್ದವನು ಎನ್ನಬೇಕು. ಫ್ಲೆಕ್ಸ್ ಬಂದ ಮೇಲೆ ನನ್ನಂಥವರನ್ನು ಯಾರೂ ಕರೆಯುವುದಿಲ್ಲ, ನಾನೂ ಹಟ ಹಿಡಿದು ಕೂರಲಿಲ್ಲ. ಆದರೆ ಸುಮಾರು ಇಪ್ಪತ್ತೈದು ವರ್ಷ ಭಟ್ಕಳದ ಪೇಟೆ ಬೀದಿಯ ಮುಖವನ್ನು ಬರೆದದ್ದು ನನ್ನ ಕೈ. ಹೊನ್ನಾವರದಿಂದ ಬೆಳಗಿನ ಬಸ್ಸು ಹತ್ತಿ, ಮಂಕಿ, ಮುರ್ಡೇಶ್ವರದ ತಿರುವು, ಶಿರಾಲಿ ದಾಟಿ ಹೋದರೆ ಸಂಜೆಯವರೆಗೆ ಏಣಿಯ ಮೇಲೆ. ಊರಿನವರು ನೆಲದಲ್ಲಿ ನಿಂತು ಪೇಟೆ ನೋಡಿದ್ದಾರೆ. ನಾನು ನೋಡಿದ್ದೆಲ್ಲ ಹತ್ತು ಅಡಿ ಮೇಲಿನಿಂದ. ಯಾರ ಅಂಗಡಿಯ ಮಾಡಿನಲ್ಲಿ ಹೆಂಚು ಜಾರಿದೆ, ಯಾರು ಊಟದ ನಂತರ ಕೂತಲ್ಲೇ ತೂಕಡಿಸುತ್ತಾರೆ, ಯಾರ ತಲೆ ನಡುವೆ ಬೋಳಾಗುತ್ತಿದೆ ಎಂಬುದೆಲ್ಲ ನನಗೆ ಅವರ ಹೆಂಡಂದಿರಿಗಿಂತ ಮೊದಲು ಗೊತ್ತಾಗುತ್ತಿತ್ತು.

ಕೆಲಸ ಕಲಿತದ್ದು ಕುಮಟೆಯಲ್ಲಿ, ಕೊಂಕಣಿ ಮನೆಮಾತಿನ ಒಬ್ಬ ಗುರುಗಳ ಹತ್ತಿರ. ಕನ್ನಡ, ಇಂಗ್ಲಿಷ್, ಮರಾಠಿ ಯಾವುದಾದರೂ ಬರೆಯುತ್ತಿದ್ದರು. ಮೊದಲ ದಿನ ನನಗೆ ಹೇಳಿದ್ದು ಒಂದೇ ಮಾತು. “ಓದ್ಬೇಡ, ನೋಡು.” ಅಕ್ಷರವನ್ನು ಓದುವವನು ತನ್ನ ತಲೆಯಲ್ಲಿ ಇದ್ದದ್ದನ್ನು ಬರೆಯುತ್ತಾನೆ, ನೋಡುವವನು ಎದುರಿಗೆ ಇದ್ದದ್ದನ್ನು ಬರೆಯುತ್ತಾನೆ ಎಂಬುದು ಅವರ ಲೆಕ್ಕ. ಅಕ್ಷರದ ಹೊಟ್ಟೆ ಎಷ್ಟು, ಬಾಲ ಎಷ್ಟು, ಎರಡರ ನಡುವೆ ಗಾಳಿ ಎಷ್ಟು ಎಂದು ನೋಡಿಕೊಂಡರೆ ಯಾವ ಭಾಷೆಯೂ ಕೈಗೆ ಬರುತ್ತದೆ ಎನ್ನುತ್ತಿದ್ದರು. ನಾನು ಆ ಮಾತನ್ನು ಗಂಟು ಹಾಕಿಕೊಂಡೆ. ಅದಕ್ಕೇ ಭಟ್ಕಳದಲ್ಲಿ ಅಷ್ಟು ಉರ್ದು ಬೋರ್ಡುಗಳನ್ನು ಬರೆದರೂ ನನಗೆ ಉರ್ದುವಿನ ಒಂದಕ್ಷರ ಓದಲು ಬರುವುದಿಲ್ಲ. ಅದನ್ನು ಜಂಬದಿಂದಲೇ ಹೇಳಿಕೊಂಡು ತಿರುಗಿದ್ದೇನೆ.

ಭಟ್ಕಳದ ಪೇಟೆ ಎಂದರೆ ನನಗೆ ನೆನಪಾಗುವುದು ತಗಡು. ಒಂದು ಅಂಗಡಿ ಮುಚ್ಚಿ ಇನ್ನೊಂದು ತೆರೆದರೆ ಹಳೆ ತಗಡನ್ನೇ ಕೆರೆದು, ಬಿಳಿ ಹೊಡೆದು, ಮೇಲೆ ಹೊಸದನ್ನು ಬರೆಯುವುದು ರೂಢಿ. ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ತಗಡಿನ ಮೇಲೆ ನಾನು ಮೊದಲು ‘ಸೈಕಲ್ ಬಾಡಿಗೆಗೆ ಸಿಗುತ್ತದೆ’ ಎಂದು ಬರೆದಿದ್ದೆ. ಆಮೇಲೆ ಅದು ವಿಡಿಯೋ ಕ್ಯಾಸೆಟ್ ಲೈಬ್ರರಿ ಆಯಿತು. ಅನಂತರ ಹಳದಿ ಬಣ್ಣದಲ್ಲಿ ಎಸ್‌ಟಿಡಿ, ಐಎಸ್‌ಡಿ. ಆ ಹೊತ್ತಿಗೆ ಬೀದಿಯ ತುಂಬ ಗಲ್ಫಿಗೆ ಹೋದವರ ಮನೆಯವರು ಫೋನಿಗಾಗಿ ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಳಗಿನ ಗಾಜಿನ ಗೂಡಿನಲ್ಲಿ ಒಬ್ಬರು ಗಟ್ಟಿಯಾಗಿ ಮಾತಾಡುತ್ತಿದ್ದರೆ ಹೊರಗೆ ಕೂತ ಎಂಟು ಮಂದಿಗೆ ಅವರ ಮನೆಯ ಕತೆಯೆಲ್ಲ ಕೇಳುತ್ತಿತ್ತು. ಆಮೇಲೆ ಅದೇ ತಗಡಿನ ಮೇಲೆ ಮೊಬೈಲ್ ರಿಪೇರಿ. ಕಡೆಗೊಮ್ಮೆ ತುಕ್ಕು ತಿಂದು ತೂತಾದಾಗ ಅದರ ಅಂಚಿನಲ್ಲಿ ನಾಲ್ಕೂ ಬಣ್ಣಗಳು ಪದರ ಪದರವಾಗಿ ಕಾಣುತ್ತಿದ್ದವು. ಅತ್ತರು, ಟಾರ್ಚು, ಕಂಬಳಿ ಮಾರುವ ಫಾರಿನ್ ಸಾಮಾನಿನ ಅಂಗಡಿಗಳು, ಪಾಸ್‌ಪೋರ್ಟ್ ಫೋಟೋದ ಸ್ಟುಡಿಯೋಗಳು, ವಿಮಾನದ ಟಿಕೆಟ್ ಮಾಡಿಸಿಕೊಡುವ ಆಫೀಸುಗಳು, ಬುರ್ಖಾ ಅಂಗಡಿಗಳು, ಎಲ್ಲದರ ಬಾಗಿಲ ಮೇಲೂ ನನ್ನ ಬ್ರಶ್ಶು ಓಡಾಡಿದೆ.

ಈ ಬೀದಿಯವರಿಗೆ ಒಂದು ಪದ್ಧತಿಯಿತ್ತು. ಅದು ಬೇರೆ ಊರಲ್ಲಿ ನಾನು ಕಾಣದ್ದು. ನಾನು ಉರ್ದು ಬರೆಯಲು ಏಣಿ ಹತ್ತಿದರೆ ಅಂಗಡಿಯ ಯಜಮಾನರೇ ಹೊರಗೆ ಬಂದು ಕೆಳಗೆ ನಿಲ್ಲುತ್ತಿದ್ದರು. ಗಿರಾಕಿ ಬಂದರೂ ಒಳಗಿನವರಿಗೆ ಕೈಸನ್ನೆ ಮಾಡಿ ತಾವು ಅಲ್ಲೇ ನಿಂತಿರುತ್ತಿದ್ದರು. ಬಿಸಿಲಾದರೆ ತಲೆಯ ಮೇಲೆ ಕರವಸ್ತ್ರ ಹಾಕಿಕೊಳ್ಳುತ್ತಿದ್ದರು. ಕೊನೆಯ ಚುಕ್ಕೆ ಇಟ್ಟು ನಾನು ಕೈ ತೆಗೆದ ಮೇಲೆ ಒಂದೆರಡು ನಿಮಿಷ ಮೇಲೆ ನೋಡಿ, “ಆತು” ಅನ್ನುತ್ತಿದ್ದರು. ನಮ್ಮ ಕಡೆ ಕೆಲಸ ಮುಗಿದರೂ ಆತು, ಒಪ್ಪಿಗೆಯಾದರೂ ಆತು, ಇದೆ ಎನ್ನುವುದಕ್ಕೂ ಇತ್ತು. ಅದಾದ ಮೇಲೆಯೇ ಚಹಾ. ಕನ್ನಡದ ಬೋರ್ಡಿಗೆ ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ. ನಾನು ತಿಳಿದುಕೊಂಡದ್ದು ಏನೆಂದರೆ, ಈ ಜನಕ್ಕೆ ತಮ್ಮ ಲಿಪಿಯ ಮೇಲೆ ಪ್ರೀತಿ, ಅದನ್ನು ಅಷ್ಟು ಚಂದ ಬರೆಯುವ ನನ್ನ ಮೇಲೂ ಪ್ರೀತಿ. ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ, ನನ್ನ ಕೈ ನೋಡಲು ದೊಡ್ಡ ದೊಡ್ಡ ಸಾವ್ಕಾರರೆಲ್ಲ ಬಿಸಿಲಲ್ಲಿ ನಿಲ್ಲುತ್ತಾರೆ ಎಂದು. ಅವಳು, “ಹಂಗಾರೆ ಮನೆ ಗೋಡಿಗೂ ಒಂದ್ ಕೈ ಸುಣ್ಣ ಹೊಡೀರಿ, ನಾನೂ ನಿಂತ್ಕಂಡು ನೋಡ್ತೆ” ಅನ್ನುತ್ತಿದ್ದಳು.

ಹೋದ ವರ್ಷ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಹೊನ್ನಾವರದ ಮನೆಗೆ ಬಂದಳು. ಭಟ್ಕಳದ ಕಾಲೇಜಿನಲ್ಲಿ ಓದುವವಳು. ನವಾಯತ ಮುಸ್ಲಿಮರ ಮನೆಯ ಹುಡುಗಿ, ಕನ್ನಡ ಮಾತ್ರ ನಮ್ಮ ಮೇಷ್ಟರುಗಳಿಗಿಂತ ಚೊಕ್ಕ. ಅವರ ತರಗತಿಯವರು ಸೇರಿ ಪೇಟೆ ಬೀದಿಯ ಇತಿಹಾಸ ಬರೆಯುತ್ತಿದ್ದಾರಂತೆ, ಕಾಲೇಜಿನ ಹಾಲಿನಲ್ಲಿ ಹಳೆ ಸಾಮಾನು, ಫೋಟೋಗಳ ಪ್ರದರ್ಶನವನ್ನೂ ಇಡುತ್ತಾರಂತೆ. ಯಾವ ಅಂಗಡಿ ಮೊದಲು ಏನಾಗಿತ್ತು ಎಂಬುದು ಪೇಂಟರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ ಎಂದು ಅವಳ ಅಜ್ಜ ಹೇಳಿ ಕಳಿಸಿದ್ದರು. ಅಜ್ಜ ಯಾರೆಂದು ಕೇಳಿದಾಗ ತಿಳಿಯಿತು, ಚೂರಿ ಅಂಗಡಿಯ ಸಾಯ್ಬರು.

ಚೂರಿ ಅಂಗಡಿ ಎಂದರೆ ಕೊಡೆಗಳ ಅಂಗಡಿ. ಹೊಸ ಕೊಡೆ ಮಾರುತ್ತಾರೆ, ಹಳೆ ಕೊಡೆಗೆ ಕಡ್ಡಿ ಹಾಕಿ ಬಟ್ಟೆ ಹೊಲಿದು ಕೊಡುತ್ತಾರೆ. ಮೇ ತಿಂಗಳ ಕೊನೆಯಲ್ಲಿ ಜಾಲಿ, ಶಿರಾಲಿ, ಮಾವಳ್ಳಿ ಕಡೆಯವರೆಲ್ಲ ಮುರಿದ ಕೊಡೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿ ನಿಂತಿರುತ್ತಾರೆ. ಆದರೆ ಅದನ್ನು ಕೊಡೆ ಅಂಗಡಿ ಎಂದು ಕರೆದವರನ್ನು ನಾನು ಕಾಣೆ. ರಿಕ್ಷಾದವರಿಗೂ ಬಸ್ಸಿನವರಿಗೂ ಅದು ಚೂರಿ ಅಂಗಡಿಯೇ. ಭಟ್ಕಳದಲ್ಲಿ ನಾನು ಬರೆದ ಮೊಟ್ಟಮೊದಲ ಬೋರ್ಡು ಅದರದ್ದು. ಮೇಲೆ ದೊಡ್ಡದಾಗಿ ಕನ್ನಡದಲ್ಲಿ ‘ಕೊಡೆ ಅಂಗಡಿ’, ಕೆಳಗೆ ಉರ್ದುವಿನಲ್ಲಿ ‘ಛತ್ರಿ ಕಿ ದುಕಾನ್’, ಮೂಲೆಯಲ್ಲಿ ಸಣ್ಣದಾಗಿ ನನ್ನ ರುಜು. ಆಗಿನ ದಿನಗಳಲ್ಲಿ ಅವರನ್ನು ಕಾಡಿದ್ದೂ ಇದೆ. ‘ಕೊಡೆ, ಕೊಡೆ’ ಅಂತ ಬಾಗಿಲ ಮೇಲೆ ಬರೆಸಿಕೊಂಡವರ ಹತ್ತಿರ ಏನಾದರೂ ಕೇಳುವುದು ಹೇಗೆ ಸಾಯ್ಬ್ರೆ, ಕೊಡೆ ಅಂತ ಮೊದಲೇ ಹೇಳಿಬಿಟ್ಟಿದ್ದೀರಿ ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ಹುಡುಗಿ ಫೋನನ್ನು ನನ್ನೆದುರು ಇಟ್ಟು ರೆಕಾರ್ಡಿಂಗ್ ಹಚ್ಚಿದಳು. ನನಗೂ ಹುರುಪು ಬಂತು. ಬಸ್‌ಸ್ಟ್ಯಾಂಡಿನಿಂದ ಮೀನು ಪೇಟೆಯ ತಿರುವಿನವರೆಗೆ ಎಡಬದಿ, ಬಲಬದಿ ಎಂದು ಒಂದೊಂದೇ ಬಾಗಿಲು ಹೇಳುತ್ತ ಹೋದೆ. ನಡುನಡುವೆ ಈಗಿನ ಫ್ಲೆಕ್ಸಿನವರ ತಪ್ಪುಗಳನ್ನೂ ಹೇಳಿ ಬೈದೆ. ಅಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಅಕ್ಷರ ತಪ್ಪಿಲ್ಲ, ಇದನ್ನು ಬರೆದುಕೋ ಎಂದೆ. ಕಡೆಗೆ ಚೂರಿ ಅಂಗಡಿ ಬಂತು.

“ಆ ಹೆಸರು ಹೇಗೆ ಬಂತು ಅಂಕಲ್?” ಎಂದು ಕೇಳಿದಳು.

ನಾನು ವಿದ್ವಾಂಸನ ಗತ್ತಿನಲ್ಲಿ ವಿವರಿಸಿದೆ. ನಿಮ್ಮ ಅಜ್ಜನ ಅಂಗಡಿಯಲ್ಲಿ ಮೊದಲು ಚೂರಿ ಮಾರುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಐದಾರು ಚೂರಿ ಇಟ್ಟದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವ ಚೂರಿ ಅಲ್ಲಿಂದಲೇ ತಂದದ್ದು. ಆಮೇಲೆ ಕೊಡೆಯ ವ್ಯಾಪಾರ ಹೆಚ್ಚಾಗಿ ಚೂರಿ ಹಿಂದೆ ಬಿತ್ತು, ಹೆಸರು ಉಳಿಯಿತು. ಇತಿಹಾಸ ಎಂದರೆ ಹೀಗೆ ನೋಡು ಮಗಾ ಎಂದೆ.

ಅವಳು ತುಟಿ ಕಚ್ಚಿಕೊಂಡಳು. ಕೈ ಚಾಚಿ ರೆಕಾರ್ಡಿಂಗ್ ನಿಲ್ಲಿಸಿದಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ನಕ್ಕ ಮೇಲೆ ನನ್ನ ಮುಖ ನೋಡಿ ಗಾಬರಿಯಾದಳು.

“ಅಂಕಲ್, ನಿಮಗೆ ನಿಜವಾಗಿ ಗೊತ್ತಿಲ್ವಾ? ನೀವು ತಮಾಷೆ ಮಾಡ್ತಾ ಇದ್ದೀರಿ ಅಂದ್ಕೊಂಡೆ.”

ಏನು ಗೊತ್ತಿಲ್ಲ ಎಂದು ಕೇಳಿದೆ. ಅವಳು ಹೇಳಲು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ತನ್ನ ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಎರಡು ಶಬ್ದ ಒಂದರ ಕೆಳಗೊಂದು ಬರೆದು ನನ್ನ ಕಡೆ ತಿರುಗಿಸಿದಳು. ಮೇಲಿನದು ಛತ್ರಿ, ಕೆಳಗಿನದು ಛುರಿ ಎಂದಳು. ಛುರಿ ಎಂದರೆ ಚೂರಿ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ನಡುವೆ ಒಂದು ಪುಟ್ಟ ಹಲ್ಲಿನಂಥ ಗೆರೆ, ಅದರ ತಲೆಯ ಮೇಲೆ ಎರಡು ಚುಕ್ಕೆ, ಅದು ಅವರ ‘ತ’. ಅದಿದ್ದರೆ ಛತ್ರಿ, ಅದಿಲ್ಲದಿದ್ದರೆ ಚೂರಿ.

ನಾನು ಓದುವವನಲ್ಲ, ನೋಡುವವನು. ಕೆಳಗಿನ ಶಬ್ದವನ್ನು ನೋಡುತ್ತಿದ್ದ ಹಾಗೆ ನನ್ನ ಬಲಗೈಗೆ ಅದರ ಗುರುತು ಹತ್ತಿತು. ನನ್ನ ಬೋರ್ಡಿನಲ್ಲಿ ಇರುವುದು ಕೆಳಗಿನದು.

ಆ ಹುಡುಗಿ ಹೋದ ಮೇಲೆ ಬಹಳ ಹೊತ್ತು ಜಗಲಿಯಲ್ಲೇ ಕೂತಿದ್ದೆ. ಮೂವತ್ತೆಂಟು ವರ್ಷ ಆ ಬೋರ್ಡು ಪೇಟೆಯ ನಡುಮಧ್ಯೆ ನೇತಾಡಿದೆ. ಅಷ್ಟೇ ಅಲ್ಲ, ಬಣ್ಣ ಮಾಸಿದಾಗ ಎರಡು ಸಲ ನಾನೇ ಏಣಿ ಹತ್ತಿ ಅದೇ ಗೆರೆಗಳ ಮೇಲೆ ಹೊಸ ಬಣ್ಣ ಎಳೆದು ಬಂದಿದ್ದೇನೆ. ಅಂದರೆ ಒಂದೇ ತಪ್ಪನ್ನು ಮೂರು ಸಲ, ಪ್ರತಿ ಸಲವೂ ಹಿಂದಿನದಕ್ಕಿಂತ ಚಂದವಾಗಿ ಬರೆದಿದ್ದೇನೆ. ಉರ್ದು ಓದಬಲ್ಲ ಪ್ರತಿಯೊಬ್ಬರೂ ಅದನ್ನು ಓದಿದ್ದಾರೆ, ನಕ್ಕಿದ್ದಾರೆ, ಅಂಗಡಿಗೆ ಆ ಹೆಸರನ್ನೇ ಇಟ್ಟಿದ್ದಾರೆ. ಗೊತ್ತಿಲ್ಲದೆ ಹೋದದ್ದು ಬರೆದವನಿಗೆ ಒಬ್ಬನಿಗೇ. ಶಾಖಾಹಾರಿ ಎಂದು ಬರೆಸಿದ ಆ ಹೋಟೆಲಿನವರು ನೆನಪಾದರು. ಒಳಗೆ ಹೆಂಡತಿ ಅದೇ ಅಂಗಡಿಯ ಚೂರಿಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳು ಚೂರಿಯನ್ನು ತಿರುಗಿಸಿ ನೋಡಿ, “ಒಳ್ಳೆ ಚೂರಿ, ಎಂತ ಹೇಳೂಕೂ ಇಲ್ಲ” ಅಂದಳು. ನನಗೆ ನಗು ಬರಲಿಲ್ಲ. ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು. ಆ ಸಿಟ್ಟು ಯಾರ ಮೇಲೆ ಎಂಬುದು ಮಾತ್ರ ಸರಿಯಾಗಿ ತಿಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿ ಕೊರೆಯುತ್ತಿತ್ತು. ಹೋಗುವಾಗ ಆ ಹುಡುಗಿ ಹೇಳಿದ್ದಳು, ಅಂಗಡಿಯ ಹಳೆ ಕಟ್ಟಡವನ್ನು ತೆಗೆದು ಹೊಸದು ಕಟ್ಟುತ್ತಾರೆ, ಬೋರ್ಡನ್ನು ಇಳಿಸಿ ಪ್ರದರ್ಶನದಲ್ಲಿ ಎಲ್ಲರಿಗೂ ಕಾಣುವ ಹಾಗೆ ನಡುವೆ ಇಡುತ್ತಾರೆ. ಮೇಲೆ ಸೂರಿನಡಿ ಇದ್ದಾಗ ಓದಿದವರು ಓದಿದರು. ಇನ್ನು ಕಣ್ಣಿನ ಮಟ್ಟದಲ್ಲಿ ಇರುತ್ತದೆ, ಮೂಲೆಯಲ್ಲಿ ನನ್ನ ರುಜುವಿರುತ್ತದೆ. ಜನ್ಮವಿಡೀ ಬರೆದದ್ದಕ್ಕೆ ಊರಿನಲ್ಲಿ ಉಳಿಯುವ ಒಂದೇ ಸಾಕ್ಷಿ ಅದಾದರೆ ನನ್ನ ಗತಿ ಏನು ಎನ್ನಿಸಿತು. ಇಳಿಸುವ ಮೊದಲೇ ಹೋಗಿ ಆ ಒಂದು ಹಲ್ಲನ್ನೂ ಎರಡು ಚುಕ್ಕೆಗಳನ್ನೂ ಸೇರಿಸಿ ಬರಬೇಕು. ಹಳೆ ಚೀಲವನ್ನು ಅಟ್ಟದಿಂದ ಇಳಿಸಿದೆ. ಬ್ರಶ್ಶಿನ ಕೂದಲು ಗಟ್ಟಿಯಾಗಿತ್ತು, ಟರ್ಪೆಂಟೈನಿನಲ್ಲಿ ನೆನೆಹಾಕಿದೆ.

ಮರುದಿನ ಬೆಳಗಿನ ಬಸ್ಸಿಗೆ ಭಟ್ಕಳಕ್ಕೆ ಹೋದೆ. ಅಂಗಡಿಯ ಸಾಮಾನನ್ನು ಅದಾಗಲೇ ಅರ್ಧ ಖಾಲಿ ಮಾಡಿದ್ದರು. ಬೋರ್ಡನ್ನೂ ಇಳಿಸಿ ಗೋಡೆಗೆ ಒರಗಿಸಿದ್ದರು. ಅದು ತಗಡಿನದಲ್ಲ, ಹಲಸಿನ ಹಲಗೆಯದು. ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸಾಯ್ಬರು ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಹೆಜ್ಜೆ ಸಪ್ಪಳ ಕೇಳಿ ಮುಖ ಎತ್ತಿದರು, ಆದರೆ ನಾನು ಮಾತಾಡುವವರೆಗೆ ಗುರುತು ಸಿಗಲಿಲ್ಲ. ಕಣ್ಣಿನಲ್ಲಿ ಪೊರೆ ಬಂದಿತ್ತು.

“ಪೇಂಟರ್ರಾ? ಬನ್ನಿ ಬನ್ನಿ. ಹುಡ್ಗಿ ಅಳ್ತಾ ಬಂತು ನಿನ್ನೆ. ತಾನು ಹೇಳ್ಬಾರ್ದಾಗಿತ್ತು ಅಂತ.”

ನಾನು ಕುಶಲ ಪ್ರಶ್ನೆ ಮಾಡುವ ಸಹನೆಯಲ್ಲಿ ಇರಲಿಲ್ಲ. “ನಿಮ್ಗೆ ಯಾವಾಗ ಗೊತ್ತಾತು ಸಾಯ್ಬ್ರೆ?” ಎಂದು ಕೇಳಿದೆ.

“ಅವತ್ತೇ.”

“ಅವತ್ತೇ ಅಂದ್ರೆ?”

“ನೀವು ಬರ್ದಿದ್ ದಿನಾನೇ. ನಮಾಜ್ ಮುಗ್ಸಿ ಬಂದೆ, ತಲೆ ಎತ್ತಿ ನೋಡ್ದೆ, ಚೂರಿ ಅಂಗಡಿ ಆಗಿತ್ತು.”

ಆ ದಿನ ನನಗೆ ಒಂದೊಂದೇ ನೆನಪಾಗತೊಡಗಿತು. ಮೇ ಕೊನೆಯ ವಾರ. ಮಳೆಗಾಲ ಹಿಡಿಯುವ ಮೊದಲು ಬೋರ್ಡು ಏರಬೇಕು ಎಂದು ಅವರ ಅವಸರ. ನನಗೆ ಈ ಬೀದಿಯಲ್ಲಿ ಸಿಕ್ಕ ಮೊದಲ ಕೆಲಸ. ಬೆಳಿಗ್ಗೆಯೇ ಬೋರ್ಡನ್ನು ಮೇಲೆ ಕೂರಿಸಿ, ಏಣಿಯ ಮೇಲೆ ನಿಂತು ಬರೆಯುತ್ತಿದ್ದೆ. ಕನ್ನಡದ ಸಾಲಿಗೆ ಸುಣ್ಣದ ದಾರ ಹೊಡೆದು ಅಳತೆ ಮಾಡಿಕೊಂಡಿದ್ದೆ. ಉರ್ದು ಸಾಲಿನ ಚೀಟಿ ಕೊಟ್ಟು ಅವರು ಮಧ್ಯಾಹ್ನದ ನಮಾಜಿಗೆ ಹೋದರು. ಅಷ್ಟರಲ್ಲಿ ಆಕಾಶ ಕಪ್ಪಾಯಿತು. ಅಳತೆ ಬಿಟ್ಟು ನೇರ ಬ್ರಶ್ಶಿಗೇ ಕೈ ಹಾಕಿದೆ. ಕನ್ನಡದವನ ಕೈ ಎಲ್ಲಿಂದ ಹೊರಡುತ್ತದೆ? ಎಡಗಡೆಯಿಂದ. ಅಂದರೆ ಅವರ ಸಾಲಿನ ಕೊನೆಯಿಂದ. ದುಕಾನ್ ಎಂಬುದನ್ನು ಧಾರಾಳವಾಗಿ, ಬಾಲವನ್ನೆಲ್ಲ ಬೀಸಿ ಬರೆದೆ. ಕಿ ಎಂಬುದನ್ನೂ ಬರೆದೆ. ಮೊದಲ ಶಬ್ದಕ್ಕೆ ಬರುವ ಹೊತ್ತಿಗೆ ಹಲಗೆಯ ಬಲಬದಿಯಲ್ಲಿ ಉಳಿದದ್ದು ಮುಷ್ಟಿಯಷ್ಟು ಜಾಗ. ಚೀಟಿಯ ಮೇಲೆ ಮಳೆಹನಿ ಬಿದ್ದು ಶಾಯಿ ಅಲ್ಲಲ್ಲಿ ಸಿಡಿದಿತ್ತು. ಆ ಸಣ್ಣ ಹಲ್ಲನ್ನು ಪೆನ್ನು ಅಲುಗಿದ್ದು ಎಂದುಕೊಂಡೆ, ಎರಡು ಚುಕ್ಕೆಗಳನ್ನು ಶಾಯಿಯ ಕಲೆ ಎಂದುಕೊಂಡೆ. ಎರಡನ್ನೂ ಬಿಟ್ಟು ಉಳಿದದ್ದನ್ನು ಒತ್ತಿ ತುಂಬಿಸಿದೆ.

“ಮತ್ತೆ ಹೇಳ್ಲಿಲ್ಲ ಎಂತಕ್ಕೆ?” ನನ್ನ ದನಿ ಏರಿತ್ತು. “ಮೂವತ್ತೆಂಟು ವರ್ಷ ನನ್ನ ಮಂಗ ಮಾಡಿದ್ರಲ್ಲ.”

ಅವರು ಅವಸರ ಮಾಡಲಿಲ್ಲ. “ನಾನು ಬಂದಾಗ ಮಳೆ ಇರಚ್ಲು ಹೊಡೀತಾ ಇತ್ತು. ನೀವು ಏಣಿ ಮೇಲೆ ಇದ್ರಿ. ಅಂಗಿ ಬಿಚ್ಚಿ ಬೋರ್ಡಿಗೆ ಅಡ್ಡ ಹಿಡ್ಕಂಡಿದ್ರಿ, ಹಸಿ ಬಣ್ಣ ತೊಳ್ದು ಹೋಗ್ಬಾರ್ದು ಅಂತ. ಮೈಯೆಲ್ಲ ನೀರು. ಕೊಡೆ ಅಂಗಡಿ ಬಾಗ್ಲಲ್ಲಿ ನಿಂತ್ಕಂಡು ಒಂದು ಕೊಡೆ ಕೇಳ್ಲಿಲ್ಲ ನೀವು. ನಾನು ಓಡಿ ಹೋಗಿ ಎರಡು ಕೊಡೆ ಬಿಚ್ಚಿ ತಂದು ಹಿಡ್ದೆ, ಒಂದು ಬೋರ್ಡಿಗೆ, ಒಂದು ನಿಮ್ಗೆ. ಆವಾಗ ನೋಡಿದ್ದು. ಆ ಹೊತ್ತಲ್ಲಿ ಒಂದು ಹಲ್ಲು ಬಿದ್ದಿದೆ ಅಂತ ಹೇಳುಕೆ ನನ್ಗೆ ಬಾಯಿ ಬರ್ಲಿಲ್ಲ.”

“ಮರುದಿನ ಹೇಳ್ಬಹುದಿತ್ತು.”

“ಮರುದಿನ ನೀವು ಮನೆಯಿಂದ ಚಕ್ಕುಲಿ ತಂದ್ರಿ. ಭಟ್ಕಳದಲ್ಲಿ ಮೊದಲ್ನೇ ಬೋರ್ಡು ಅಂತ. ಎದ್ರು ಬಟ್ಟೆ ಅಂಗಡಿಯವರು ಬಂದು, ಅಕ್ಷರ ಚಂದ ಇದೆ, ಯಾರು ಬರ್ದದ್ದು ಅಂತ ಕೇಳಿದ್ರು. ಕೇಳ್ತಾನೂ ನಗ್ತಾ ಇದ್ರು. ನಾನು ಹೇಳ್ದೆ, ಈ ಹುಡ್ಗನ ಕೈ ಒಳ್ಳೇದಿದೆ, ಕೆಲ್ಸ ಕೊಡಿ, ಆದ್ರೆ ಅವ್ರು ಬರೀವಾಗ ನೀವು ಕೆಳ್ಗೆ ನಿಂತ್ಕಳಿ. ಚುಕ್ಕಿ ಎಲ್ಲ ಬಂತಾ ನೋಡಿ ಆಮೇಲೆ ಆತು ಅನ್ನಿ.”

ಬಟ್ಟೆ ಅಂಗಡಿಯವರು ಬಿಸಿಲಲ್ಲಿ ನಿಂತದ್ದು, ಅತ್ತರಿನವರು ಕರವಸ್ತ್ರ ಹಾಕಿಕೊಂಡು ನಿಂತದ್ದು, ಬೇಕರಿಯವರು ಒಲೆಯ ಕೆಲಸ ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಂತದ್ದು, ಒಬ್ಬೊಬ್ಬರೇ ಕಣ್ಣಮುಂದೆ ಬಂದರು. ಚುಕ್ಕೆ ಎಣಿಸುತ್ತಿದ್ದರು. ಕೆಲವೊಮ್ಮೆ “ಸ್ವಲ್ಪ ಇಲ್ಲೊಂದು ಚುಕ್ಕಿ ಇದ್ರೆ ಚಂದ ಕಾಣ್ತದೆ ಪೇಂಟರ್ರೇ” ಎನ್ನುತ್ತಿದ್ದರು. ಇವರಿಗೂ ಅಲಂಕಾರದ ರುಚಿ ಇದೆಯಲ್ಲ ಎಂದುಕೊಂಡು ಇಡುತ್ತಿದ್ದೆ. ಅಷ್ಟು ವರ್ಷ, ಅಷ್ಟು ಬೋರ್ಡುಗಳಲ್ಲಿ ನನ್ನ ಕೈಯಿಂದ ಒಂದು ಅಕ್ಷರ ತಪ್ಪದೆ ಹೋದದ್ದು ಹೇಗೆಂದು ಆಗ ತಿಳಿಯಿತು. ಈ ಬೀದಿಯಲ್ಲಿ ನಾನು ಉಂಡ ಅನ್ನವೆಲ್ಲ ಇವರು ಕೆಳಗೆ ನಿಂತದ್ದರಿಂದ ಬಂದದ್ದು. ಚೀಲದಲ್ಲಿ ಏನೋ ಹುಡುಕುವವನಂತೆ ಬಗ್ಗಿದೆ.

“ಮತ್ತೆ ಆ ಚೂರಿಗಳು?” ಎಂದು ಕೇಳಿದೆ.

ಸಾಯ್ಬರು ನಕ್ಕರು. “ಬೋರ್ಡು ಓದಿ ಓದಿ ಜನ ಬಂದು ಚೂರಿ ಕೇಳ್ತಿದ್ರು. ಕೆಲವ್ರು ತಮಾಷೆಗೆ, ಕೆಲವ್ರು ನಿಜಕ್ಕೂ. ಇಲ್ಲ ಅಂತ ಹೇಳಿ ಹೇಳಿ ಸಾಕಾತು. ಮಂಗಳೂರಿಂದ ಅರ್ಧ ಡಜನ್ ತರ್ಸಿಟ್ಟೆ. ಮೊದ್ಲ ಗಿರಾಕಿ ನೀವೇ.”

ನಾನು ಬಂದ ಕೆಲಸ ಹೇಳಿದೆ. ಪ್ರದರ್ಶನಕ್ಕೆ ಹೋಗುವ ಮೊದಲು ಸರಿ ಮಾಡಿಕೊಡುತ್ತೇನೆ, ಇಷ್ಟು ವರ್ಷ ಆದದ್ದಾಯಿತು ಎಂದೆ. “ನಿಮ್ ಬೋರ್ಡು. ಮಾಡಿ” ಅಂದರು. ಕನ್ನಡಕ ಹಾಕಿಕೊಂಡು ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಲಗಡೆಯ ಶಬ್ದವನ್ನು ನೋಡಿದೆ. ಹಲ್ಲು ಬರಬೇಕಾದ ಎಡೆಯಲ್ಲಿ ಒಂದು ಭತ್ತದ ಕಾಳು ಇಡುವಷ್ಟೂ ಜಾಗವಿರಲಿಲ್ಲ. ಬ್ರಶ್ಶನ್ನು ಎತ್ತಿದೆ, ಇಳಿಸಿದೆ.

“ಜಾಗ ಇಲ್ವಾ?” ಅವರು ಕೇಳಿದರು.

“ಇಲ್ಲ.”

“ಅವತ್ತೂ ಇರ್ಲಿಲ್ಲ” ಅಂದರು.

ಇಬ್ಬರೂ ನಕ್ಕೆವು. ಸರಿ ಮಾಡಬೇಕೆಂದರೆ ಇಡೀ ಸಾಲನ್ನು ಕೆರೆದು ಹೊಸದಾಗಿ ಬರೆಯಬೇಕು. ಕೆರೆಯುವ ಉಳಿ ಚೀಲದಲ್ಲಿಯೇ ಇತ್ತು. ಹೊರತೆಗೆದೆ. ಹಲಗೆಗೆ ಊರಿದೆ. ಮೂರು ಸಲ ಬಳಿದ ಬಣ್ಣ ಅಲ್ಲಿ ದಪ್ಪವಾಗಿ ಕೂತಿತ್ತು. ಅದರ ಮೇಲೆ ಉಳಿ ಎಳೆಯಲು ನನ್ನಿಂದ ಆಗಲಿಲ್ಲ. ಈ ಬೀದಿ ನನ್ನನ್ನು ಇಟ್ಟುಕೊಂಡದ್ದು ಆ ತಪ್ಪಿನಿಂದಲೇ, ಅದನ್ನು ಕೆರೆದರೆ ಅವರು ನಿಂತದ್ದನ್ನೂ ಕೆರೆದ ಹಾಗೆ ಎನ್ನಿಸಿತು. ಉಳಿಯನ್ನು ಚೀಲಕ್ಕೆ ಹಾಕಿದೆ. ಅಷ್ಟರಲ್ಲಿ ಮೊಮ್ಮಗಳು ಮನೆಯಿಂದ ಚಹಾದ ಫ್ಲಾಸ್ಕು ಹಿಡಿದುಕೊಂಡು ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು.

“ಬಾ ತಂಗಿ” ಎಂದೆ. “ಬೋರ್ಡು ಇದ್ದ ಹಂಗೇ ಹೋಗ್ಲಿ. ನಿನ್ನೆ ನಾ ಚೂರಿ ಬಗ್ಗೆ ಹೇಳಿದ್ದನ್ನ ಅಳ್ಸು. ಮತ್ತೆ ಹೇಳ್ತೆ, ಹಚ್ಚು ಫೋನು.”

ಅವಳು ಫೋನು ಹಚ್ಚಿದಳು. ಎಡಗಡೆಯಿಂದ ಬರೆದದ್ದು, ಜಾಗ ಸಾಲದೆ ಹೋದದ್ದು, ಅಂಗಿ ಅಡ್ಡ ಹಿಡಿದದ್ದು, ಬೀದಿಯವರೆಲ್ಲ ಕೆಳಗೆ ನಿಂತದ್ದು, ಒಂದನ್ನೂ ಬಿಡದೆ ನನ್ನ ಬಾಯಿಂದಲೇ ಹೇಳಿದೆ. ಒಂದು ಅಕ್ಷರ ತಪ್ಪಿಲ್ಲ ಎಂದು ಹೇಳಿದ ಮಾತನ್ನೂ ತೆಗೆ ಎಂದೆ. ಅವಳು ಅದನ್ನು ಮಾತ್ರ ತೆಗೆಯುವುದಿಲ್ಲ, ಎರಡೂ ಇರಲಿ, ಜನ ನಗಲಿ ಅಂಕಲ್ ಎಂದಳು. ಈಗಿನ ಮಕ್ಕಳ ಹತ್ತಿರ ವಾದ ಮಾಡುವುದು ನನ್ನಿಂದಾಗುವ ಕೆಲಸವಲ್ಲ.

ಹೊರಡುವಾಗ ಸಾಯ್ಬರು ತಡೆದರು. ಹೊಸ ಅಂಗಡಿಗೆ ಮಗ ಬೆಳಕಿನ ಬೋರ್ಡು ಮಾಡಿಸುತ್ತಾನೆ, ಅದು ಅವನ ಇಷ್ಟ ಎಂದರು. ಆದರೆ ಮೆಟ್ಟಿಲ ಕೆಳಗೆ ತಾವು ಕೂತು ಕಡ್ಡಿ ಕಟ್ಟಲು ಒಂದು ಮೂಲೆ ಬಿಡಿಸಿಕೊಂಡಿದ್ದಾರಂತೆ. ಕಣ್ಣು ಕಾಣದಿದ್ದರೂ ಕೊಡೆಯ ಕಡ್ಡಿ ಬೆರಳಿಗೆ ಗೊತ್ತು. ಆ ಮೂಲೆಗೆ ಒಂದು ಸಣ್ಣ ಹಲಗೆ ಬೇಕು, ಕನ್ನಡದಲ್ಲೊಂದು ಶಬ್ದ, ಉರ್ದುವಿನಲ್ಲೊಂದು ಶಬ್ದ.

ನನ್ನ ಕೈ ಈಗ ಮೊದಲಿನಂತಿಲ್ಲ, ನಡುಗುತ್ತದೆ ಎಂದೆ. ನನ್ನ ಕಣ್ಣೂ ಮೊದಲಿನಂತಿಲ್ಲ, ಸರಿಹೋಯಿತಲ್ಲ ಎಂದರು.

ಒಳಗಿನಿಂದ ಒಂದು ಹಲಗೆ ತಂದರು. ಒರೆಸಿ, ಬಿಳಿ ಬಳಿದು, ಬಿಸಿಲಿಗೆ ಒಣಗಲು ಇಟ್ಟು, ಮಧ್ಯಾಹ್ನದ ಹೊತ್ತಿಗೆ ಕೂತೆ. ಕನ್ನಡದ ‘ಕೊಡೆ’ ಬರೆದಾಯಿತು. ಉರ್ದುವಿಗೆ ಮೊಮ್ಮಗಳು ಚೀಟಿಯಲ್ಲಿ ಬರೆದುಕೊಟ್ಟಳು. ಈ ಸಲ ಸೀಮೆಸುಣ್ಣದಿಂದ ಮೊದಲು ಗುರುತು ಹಾಕಿಕೊಂಡೆ. ಬ್ರಶ್ಶನ್ನು ಹಲಗೆಯ ಬಲ ಅಂಚಿಗೆ ಒಯ್ದೆ. ಕೈ ತಾನಾಗಿ ಎಡಕ್ಕೆ ಹೋಗಲು ಎಳೆಯುತ್ತಿತ್ತು. ತಡೆದು ಹಿಡಿದೆ.

ಸಾಯ್ಬರು ಕುರ್ಚಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತರು.

“ಕೂತ್ಕಳಿ ಸಾಯ್ಬ್ರೆ. ನಿಮ್ಗೆ ಕಾಣೂದಿಲ್ಲ, ಸುಮ್ನೆ ಎಂತಕ್ಕೆ ನಿಂತದ್ದು?”

“ಅಭ್ಯಾಸ” ಅಂದರು.

ಹೊಟ್ಟೆಯ ಅಕ್ಷರ, ಅದಕ್ಕೆ ಕೆಳಗೆ ಮೂರು ಚುಕ್ಕೆ, ಎರಡು ಕಣ್ಣಿನ ಅಕ್ಷರ, ಆಮೇಲೆ ಆ ಪುಟ್ಟ ಹಲ್ಲು. ಬೆರಳು ನಡುಗಿದ್ದರಿಂದ ಹಲ್ಲು ಸ್ವಲ್ಪ ದಪ್ಪವಾಯಿತು. ಇರಲಿ, ಯಾರ ಕಣ್ಣಿಗೂ ತಪ್ಪದಷ್ಟು ದಪ್ಪವಾಗಿಯೇ ಇರಲಿ. ಅದರ ಮೇಲೆ ಎರಡು ಚುಕ್ಕೆ. ಮುಂದಿನ ಎರಡು ಅಕ್ಷರ ಬರೆದು ಮುಗಿಸಿ ಬ್ರಶ್ಶನ್ನು ಎತ್ತಿದೆ. ಎಡಬದಿಯಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಉಳಿದಿತ್ತು.

ಬೀದಿಯಲ್ಲಿ ಉರ್ದು ಓದಬಲ್ಲವರು ಓಡಾಡುತ್ತಲೇ ಇದ್ದರು. ಮೊಮ್ಮಗಳು ಎರಡು ಹೆಜ್ಜೆ ಆಚೆ ಫೋನು ನೋಡುತ್ತ ನಿಂತಿದ್ದಳು. ಅವಳನ್ನು ಕರೆದು ಓದಿಸಬಹುದಿತ್ತು. ಸಾಯ್ಬರು ಕರೆಯಲಿಲ್ಲ.

“ಹಲ್ಲು?” ಎಂದು ನನ್ನನ್ನೇ ಕೇಳಿದರು.

“ಇತ್ತು.”

“ಚುಕ್ಕಿ?”

“ಎರಡೂ ಇತ್ತು.”

“ಹಂಗಾರೆ ಆತು” ಅಂದರು. ಆಮೇಲೆ ಚಹಾ ಬಗ್ಗಿಸಲು ಹೇಳಿದರು.